ಮೂರನೇ ತಂತಿ

ವೇದಾವತಿಗೆ ಹಾರ್ಟ್ ಫೇಲ್ಯೂರ್ ಎಂದು ಡಾಕ್ಟರರು ಹೇಳಿದ ಮರುದಿನವೇ ಅವಳ ಸಾವಿಗೆ ಸಂತಾಪದ ಕರೆ ಬಂತು.

ಕರೆ ಬಂದದ್ದು ಗಂಡ ರಮಾಕಾಂತ ರಾಯರ ಮೊಬೈಲಿಗೆ. ರಾಯರು ಸ್ನಾನಕ್ಕೆ ಹೋಗಿದ್ದರು, ಅವಳೇ ಎತ್ತಿದಳು. ಆಚೆ ಕುಂದಾಪುರದ ಕಡೆಯ ದೂರದ ನೆಂಟರು.

"ರಮಾಕಾಂತ ಇಲ್ವಾ? ಪಾಪ, ಅವನಿಗೆ ಈಗ ಮಾತಾಡ್ಲಿಕ್ಕೂ ಆಗ್ಲಿಕ್ಕಿಲ್ಲ. ವೇದಾವತಿ ಹೀಗೆ ಹೋಗ್ತಾಳೆ ಅಂತ ಯಾರು ಎಣಿಸಿದ್ದು! ನೀವು ಯಾರು, ಮಗಳಾ?"

"ಅಲ್ಲ. ಹೋದವಳೇ ಮಾತಾಡುವುದು. ಹೇಳಿ, ಎಂತ ವಿಶೇಷ?"

ಆಚೆಯವರು ಕರೆ ಕಡಿದರು. ಇದು ಯಾರ ಕೆಲಸ ಎಂದು ಕಂಡುಹಿಡಿಯಲು ವೇದಾವತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೈದುನ ಅನಿಲಕುಮಾರನಿಗೆ ಮುಂಬಯಿಯ ಪಕ್ಕದ ಕೋಪರಖೈರಣೆಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಉಂಟು. ದಿನವಿಡೀ ಗಲ್ಲಾದ ಹಿಂದೆ ಕೂತಿರುವ ಅವನಿಗೆ ಊರಿಗೆಲ್ಲ ಸುದ್ದಿ ಬಡಿಸುವುದು ಇಡ್ಲಿ ಬಡಿಸುವಷ್ಟೇ ಇಷ್ಟ. "ಅತ್ತಿಗೆಗೆ ಹಾರ್ಟ್ ಫೇಲಂತೆ" ಎಂದು ಅವನು ಹೇಳಿದ್ದ. ಕೇಳಿದವರು ಕನ್ನಡದಲ್ಲಿ ಅದಕ್ಕಿರುವ ಒಂದೇ ಅರ್ಥವನ್ನು ಮಾಡಿಕೊಂಡಿದ್ದರು.

ವೇದಾವತಿ ಸಾಯುವ ಅವಸರದಲ್ಲಿ ಇರಲಿಲ್ಲ. ಮುಂಬಯಿಯ ಟೆಲಿಫೋನ್ ಎಕ್ಸ್‌ಚೇಂಜಿನ ದೂರು ವಿಭಾಗದಲ್ಲಿ ಕೂತು, ನಿವೃತ್ತಿಯಾಗುವವರೆಗೆ ಊರಿನ ಬೈಗುಳವನ್ನೆಲ್ಲ ಮರಾಠಿ, ಹಿಂದಿ, ಗುಜರಾತಿಯಲ್ಲಿ ಕೇಳಿದವಳು. ಆ ಕೆಲಸದಿಂದ ಅವಳಿಗೆ ಒಂದು ಪಿಂಚಣಿಯೂ, ಮನುಷ್ಯರ ಮಾತಿನ ಮೇಲೆ ಒಂದು ಬಗೆಯ ತಾತ್ಸಾರವೂ ದಕ್ಕಿದ್ದವು. ಜೋರಾಗಿ ಮಾತಾಡುವವನ ಲೈನಿನಲ್ಲಿ ಸಾಮಾನ್ಯವಾಗಿ ದೋಷವೇ ಇರುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಹೇಳುವಾಗ ಗಂಡನ ಕಡೆ ನೋಡುತ್ತಿದ್ದಳು.

ರಮಾಕಾಂತ ರಾಯರು ತುರ್ಭೆಯ ಒಂದು ರಾಸಾಯನಿಕ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದವರು. ಡ್ರಮ್ಮು, ವಾಲ್ವು, ಪೈಪು ಕೊಂಡುಕೊಂಡು ಕಳೆದ ಆಯುಷ್ಯದಲ್ಲಿ ಅವರಿಗೆ ತಾನು ಕೊಂಡದ್ದೇ ಅತ್ಯುತ್ತಮ ಎಂಬ ನಂಬಿಕೆ ಗಟ್ಟಿಯಾಗಿತ್ತು. ಕೆಲವು ವರ್ಷಗಳ ಹಿಂದೆ ನೆರೂಳ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ವೇದಾವತಿ ತರಕಾರಿ ಚೀಲದ ಸಮೇತ ಕುಸಿದು ಬಿದ್ದಾಗ, ಹೃದಯದ ಬಡಿತ ತೀರಾ ನಿಧಾನವಾಗಿದೆ, ಪೇಸ್‌ಮೇಕರ್ ಕೂರಿಸಬೇಕು ಎಂದರು. ಆಸ್ಪತ್ರೆಯವರು ತೋರಿಸಿದ್ದಕ್ಕೆ ರಾಯರು ತಲೆಯಾಡಿಸಿದರು. ಎಡಗಡೆ ಕೊರಳೆಲುಬಿನ ಕೆಳಗೆ ಪುಟ್ಟ ಪೆಟ್ಟಿಗೆ, ಅದರಿಂದ ಹೃದಯಕ್ಕೆ ಎರಡು ತಂತಿ. ವೇದಾವತಿ ಎದ್ದು ಓಡಾಡತೊಡಗಿದಳು.

ಅಂದಿನಿಂದ ಅದು ರಾಯರ ಪೇಸ್‌ಮೇಕರ್ ಆಯಿತು. ಮದುವೆ ಮನೆಯಲ್ಲಿ, ಕಟ್ಟಡದ ಸೊಸೈಟಿಯ ಮೀಟಿಂಗಿನಲ್ಲಿ "ನಮ್ಮದು ಟಾಪ್ ಮಾಡೆಲ್" ಎಂದು ಹೇಳಿಕೊಂಡರು. ಮನೆಯಲ್ಲಿ ಕೆಲಸದವಳು ಮಿಕ್ಸಿ ಹಾಕುವ ಮೊದಲು ಹೆಂಡತಿಯನ್ನು ಮುಂದಿನ ಕೋಣೆಗೆ ಕಳಿಸಿ, ತಾವು ಬಾಗಿಲಲ್ಲಿ ಕಾವಲು ನಿಂತರು. ಡಾಕ್ಟರರು ಮಿಕ್ಸಿಯಿಂದ ಏನೂ ಆಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಚಟ್ನಿ ಅರೆಯುವ ಕೆಲಸ ಮಾತ್ರ ಒಂದು ದಿನವೂ ತಾವು ಮಾಡಲಿಲ್ಲ.

ಕಳೆದ ಮಳೆಗಾಲದಿಂದ ವೇದಾವತಿಗೆ ದಮ್ಮು ಹತ್ತತೊಡಗಿತು. ನೆರೂಳದಲ್ಲಿ ಅವರದು ಸಿಡ್ಕೋ ಎಂಬ ಸರಕಾರಿ ಸಂಸ್ಥೆ ಕಟ್ಟಿಸಿದ ಲಿಫ್ಟಿಲ್ಲದ ಕಟ್ಟಡ, ಮನೆ ಎರಡನೇ ಮಾಳಿಗೆಯಲ್ಲಿ. ಮೊದಲು ತರಕಾರಿ ಹೊತ್ತು ಒಂದೇ ಉಸಿರಿಗೆ ಹತ್ತುತ್ತಿದ್ದವಳು ಈಗ ಪ್ರತಿ ತಿರುವಿನಲ್ಲೂ ಸೆರಗು ಸರಿಮಾಡುವ ನೆಪದಲ್ಲಿ ನಿಲ್ಲುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬಿನ ಮೇಲೆ ದಿಂಬು ಏರಿತು. ಸ್ನಾನದ ನಡುವೆ ಸ್ಟೂಲಿನಲ್ಲಿ ಕೂರಬೇಕಾಯಿತು. ರಾಯರು ಅದನ್ನು ಗ್ಯಾಸ್ ಎಂದರು, ಆಮೇಲೆ ಹವೆ ಎಂದರು, ಆಮೇಲೆ ವಯಸ್ಸು ಎಂದರು. ಪೆಟ್ಟಿಗೆ ಒಳಗಿರುವಾಗ ಹೃದಯಕ್ಕೆ ಏನೂ ಆಗಲು ಸಾಧ್ಯವಿಲ್ಲ ಎಂಬುದು ಅವರ ವಾದ.

ಕಾಲು ನೋಡಿದ್ದು ಎದುರು ಮನೆಯ ಬಸವಣ್ಣೆವ್ವ. ವಿಜಾಪುರದ ಕಡೆಯವಳು. ಗಂಡನದು ವಾಶಿ ಮಾರ್ಕೆಟ್ಟಿನಲ್ಲಿ ಕಾಳಿನ ವ್ಯಾಪಾರ. ಒಂದು ಸಂಜೆ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದವಳು ತಟ್ಟನೆ ಬಗ್ಗಿ ವೇದಾವತಿಯ ಊದಿದ ಪಾದವನ್ನು ಬೆರಳಿನಿಂದ ಒತ್ತಿದಳು. ಕುಳಿ ಬಿತ್ತು. ಬಿದ್ದ ಕುಳಿ ಹಾಗೇ ಇತ್ತು.

"ವೇದಕ್ಕಾರ, ಇದು ಗ್ಯಾಸ್ ಅಲ್ರಿ. ಗ್ಯಾಸ್ ಕಾಲಾಗ ಇಳೀತದೇನ್ರಿ? ನಾಳೆ ದವಾಖಾನಿಗೆ ನಡೀರಿ. ರಾಯರು ಬರ್ಲಿಲ್ಲಂದ್ರ ನಾ ಬರ್ತೀನಿ."

ರಾಯರೂ ಬಂದರು. ಠಾಣೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಅಭಿಜಿತ್ ಎಂಬ ಮರಾಠಿ ಹುಡುಗ, ಹುಡುಗನೆಂದರೂ ತಲೆಗೂದಲು ಅರ್ಧ ಹೋಗಿತ್ತು, ಎಕೋ ಪರೀಕ್ಷೆ ಮಾಡಿಸಿ, ಪೆಟ್ಟಿಗೆಯನ್ನೂ ತಪಾಸಣೆ ಮಾಡಿ, ಒಂದು ಕಾಗದದ ಮೇಲೆ ಹೃದಯದ ಚಿತ್ರ ಬರೆದ. ಪೆಟ್ಟಿಗೆ ಇಷ್ಟು ವರ್ಷ ಹೃದಯದ ಬಲಭಾಗವನ್ನು ಮೊದಲು ತಟ್ಟುತ್ತಿತ್ತು, ಎಡಭಾಗ ತಡವಾಗಿ ಹಿಂದೆ ಬರುತ್ತಿತ್ತು. ಎರಡೂ ಕೂಡಿ ಹಿಂಡದೆ ಹೃದಯ ದಣಿದು ಹಿಗ್ಗಿದೆ. ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ನಿಂತಿದೆ ಎಂದಲ್ಲ, ಸಾಕಷ್ಟು ರಕ್ತ ತಳ್ಳಲಾರದು, ಅದಕ್ಕೇ ಕಾಲಿನಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಎಂದ. ಸದ್ಯಕ್ಕೆ ಮಾತ್ರೆ, ಕಡಿಮೆ ಉಪ್ಪು, ಅಳತೆಯ ನೀರು. ಹಳೆಯ ಬ್ಯಾಟರಿಯೂ ಮುಗಿಯುತ್ತ ಬಂದಿದೆ, ಅದನ್ನಂತೂ ಬದಲಿಸಲೇಬೇಕು. ಅದೇ ಹೊತ್ತಿಗೆ ಎಡಭಾಗಕ್ಕೆ ಮೂರನೇ ತಂತಿ ಹಾಕಿ, ಎರಡನ್ನೂ ಒಟ್ಟಿಗೆ ತಟ್ಟುವ ಬೇರೆ ಪೆಟ್ಟಿಗೆ ಕೂರಿಸಬಹುದು. ಯೋಚಿಸಿ ಹೇಳಿ ಎಂದ.

ವೇದಾವತಿ ಚಿತ್ರವನ್ನೇ ನೋಡುತ್ತಿದ್ದಳು. ರಾಯರ ಮುಖ ಕೆಂಪಾಗಿತ್ತು.

"ಅಂದ್ರೆ ನಮ್ಮ ಪೇಸ್‌ಮೇಕರೇ ಹಾಳು ಮಾಡಿತು ಅಂತ ಹೇಳ್ತೀರಾ? ಅದು ಟಾಪ್ ಮಾಡೆಲ್!"

ಮಾಡೆಲ್ಲಿನ ದೋಷವಲ್ಲ, ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರ್ ಹೇಳಿದ್ದು ಅವರ ಕಿವಿಗೆ ಹೋಗಲಿಲ್ಲ.

ಅಲ್ಲಿಂದ ಮುಂದೆ ರಾಯರು ಹೊರಟದ್ದು ಹೆಂಡತಿಯ ಹೃದಯವನ್ನು ಉಳಿಸಲಿಕ್ಕಲ್ಲ, ತಮ್ಮ ಆಯ್ಕೆಯ ಮಾನ ಉಳಿಸಲಿಕ್ಕೆ. ಬೇಲಾಪುರದಲ್ಲಿ ಒಬ್ಬರು, ವಾಶಿಯಲ್ಲಿ ಒಬ್ಬರು, ಯಾರೋ ನಿವೃತ್ತ ಪ್ರೊಫೆಸರು, ಹೀಗೆ ಡಾಕ್ಟರರ ಯಾತ್ರೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಹಳೆಯ ಮಾಡೆಲ್ ಒಳ್ಳೆಯದೇ ಅಲ್ಲವೇ? ಒಳ್ಳೆಯದೇ ಎಂದರು ಎಲ್ಲರೂ. ಮೂರನೇ ತಂತಿ ಹಾಕಿಸಿದರೆ ಒಳಿತು ಎಂದೂ ಹೇಳಿದರು. ರಾಯರು ಮೊದಲ ಅರ್ಧವನ್ನು ಮಾತ್ರ ಮನೆಗೆ ತಂದರು. ಆಪರೇಶನ್ ಬೇಡ, ಬ್ಯಾಟರಿ ಸಾಕು ಎಂದು ತೀರ್ಮಾನಿಸಿದರು.

ಡೊಂಬಿವಲಿಯಲ್ಲಿರುವ ಮಗಳು ಅಪರ್ಣಾ ಫೋನಿನಲ್ಲಿ ಅಷ್ಟೇ ಜೋರಾಗಿ ಬೇಕು ಎಂದು ತೀರ್ಮಾನಿಸಿದಳು. ಅವಳ ಆಫೀಸಿನ ಯಾರದೋ ಅತ್ತೆಗೆ ಮಾಡಿಸಿದ ಮೇಲೆ ಆ ಅತ್ತೆ ಚಾರ್‌ಧಾಮಕ್ಕೆ ಹೋಗಿ ಬಂದಳಂತೆ. "ಅಮ್ಮ, ಪ್ಲೀಸ್, ಡ್ರಾಮಾ ಮಾಡ್ಬೇಡ, ಕರೂನ್ ಟಾಕ್", ಮಾಡಿಸಿಬಿಡು ಎಂದು ಕನ್ನಡಕ್ಕೆ ಮರಾಠಿಯ ಬಾಲ ಹಚ್ಚಿ ಆಜ್ಞೆ ಮಾಡಿದಳು. ಅಪ್ಪನೂ ಮಗಳೂ ಸ್ಪೀಕರ್ ಹಾಕಿಕೊಂಡು ಜಗಳವಾಡುವಾಗ ವೇದಾವತಿ ಪಕ್ಕದಲ್ಲೇ ಕೂತು ಉಪ್ಪಿಲ್ಲದ ಗಂಜಿ ಉಣ್ಣುತ್ತಿದ್ದಳು. ನಿನಗೆ ಏನನಿಸುತ್ತದೆ ಎಂದು ಇಬ್ಬರಿಗೂ ಕೇಳಲು ಪುರುಸೊತ್ತಿರಲಿಲ್ಲ.

ಈ ನಡುವೆ ಅನಿಲಕುಮಾರ ಹೊಸ ದಾರಿ ಕಂಡುಹಿಡಿದ. ಕಲ್ಯಾಣದಲ್ಲಿ ನಾಡಿ ಹಿಡಿದು ಹೃದಯದ ಕಾಯಿಲೆ ವಾಸಿ ಮಾಡುವ ಒಬ್ಬ ಮಹಾಶಯ ಇದ್ದಾನೆ, ಕೊಯ್ಯುವುದು ಬೇಡ, ಕಟ್ಟುವುದು ಬೇಡ. ಆಪರೇಶನ್ ಬೇಡ ಎನ್ನುವವರು ಯಾರಾದರೂ ರಾಯರಿಗೆ ಬೇಕಾಗಿದ್ದರು. ಮೂವರೂ ಅನಿಲಕುಮಾರನ ಕಾರಿನಲ್ಲಿ ಹೋದರು.

ಒಳಗೆ ಅಗರಬತ್ತಿಯ ಹೊಗೆ ಎಷ್ಟಿತ್ತೆಂದರೆ ದಮ್ಮಿಲ್ಲದವರಿಗೂ ದಮ್ಮು ಬರಬೇಕು. ಮಹಾಶಯ ವೇದಾವತಿಯ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದ. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದ. ಕಣ್ಣು ಬಿಟ್ಟಾಗ ಮುಖದಲ್ಲಿ ಸಂತೋಷ.

"ಎಂಥಾ ನಾಡಿ!" ಎಂದ ಹಿಂದಿಯಲ್ಲಿ. "ಗಡಿಯಾರದ ಹಾಗೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಪ್ಪತ್ತರ ಹುಡುಗಿಗೂ ಇಂಥ ನಾಡಿ ಸಿಗುವುದಿಲ್ಲ. ಈ ಹೃದಯದಲ್ಲಿ ದೋಷವೇ ಇಲ್ಲ."

ವೇದಾವತಿ ಕೈ ಬಿಡಿಸಿಕೊಂಡಳು. "ಮಹಾರಾಜ್, ಅದು ನನ್ನ ನಾಡಿ ಅಲ್ಲ. ಇಲ್ಲಿ ಒಳಗಿನ ಮಿಷೀನಿನದ್ದು. ಅದಕ್ಕೇ ಅಷ್ಟು ಸರಿಯಾಗಿ ಹೊಡೀತದೆ."

ಅವನಿಗೆ ಪೇಸ್‌ಮೇಕರಿನ ವಿಷಯವನ್ನು ಯಾರೂ ಹೇಳಿರಲಿಲ್ಲ. ಅವನು ಸ್ವಲ್ಪವೂ ಗಲಿಬಿಲಿಯಾಗದೆ, ಯಂತ್ರದ ಹಿಂದೆ ಇನ್ನೊಂದು ಸೂಕ್ಷ್ಮ ನಾಡಿ ಇರುತ್ತದೆ, ತಾನು ಹಿಡಿದದ್ದು ಅದನ್ನೇ ಎಂದ. ಒಂದು ಡಬ್ಬಿ ಚೂರ್ಣ ಕೊಟ್ಟ. ಡಾಕ್ಟರರು ಕೊಟ್ಟ ನೀರಿಳಿಸುವ ಮಾತ್ರೆ ಕಿಡ್ನಿಗೆ ವಿಷ, ಇವತ್ತೇ ನಿಲ್ಲಿಸಿ ಎಂದ. ಕಾರಿನಲ್ಲಿ ವಾಪಸು ಬರುವಾಗ ಅನಿಲಕುಮಾರ "ಕಂಡ್ರಾ ಅತ್ತಿಗೆ, ಸೂಕ್ಷ್ಮ ನಾಡಿ!" ಎಂದಾಗ ವೇದಾವತಿ, "ಹೌದು ಮಾರಾಯ, ನಿನ್ನ ಸಾಂಬಾರಿನ ತೊಗರಿಬೇಳೆಯ ಹಾಗೆ. ಉಂಟಂತೆ, ಕಾಣುವುದಿಲ್ಲ" ಎಂದಳು.

ಚೂರ್ಣದ ಡಬ್ಬಿಯನ್ನು ಅವಳು ಮುಟ್ಟಲಿಲ್ಲ. ಆದರೆ ಮಾತ್ರೆ ಬಿಟ್ಟಳು. ಇದನ್ನು ಹೇಳದೆ ಅವಳ ಕತೆ ಹೇಳಿದರೆ ಅದು ಸುಳ್ಳಾಗುತ್ತದೆ. ಆ ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ಮತ್ತೆ ಮತ್ತೆ ಬಚ್ಚಲಿಗೆ ಓಡಬೇಕು. ಲೋಕಲ್ ಗಾಡಿಯಲ್ಲಿ ಅದಕ್ಕೆ ಜಾಗವಿಲ್ಲ. ನೆರೂಳದಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿ. ಮಾತ್ರೆ ಶುರುವಾದ ಮೇಲೆ ಅವಳು ಮಗಳ ಮನೆಗೆ ಹೋಗಿಯೇ ಇರಲಿಲ್ಲ. ಯುಗಾದಿಗೆ ಮೊಮ್ಮಗಳು ಅಪೇಕ್ಷಾ ಸೊಸೈಟಿಯ ಕಾರ್ಯಕ್ರಮದಲ್ಲಿ ಲಾವಣಿ ಕುಣಿಯುವವಳಿದ್ದಳು. ಅಜ್ಜಿ ಬರಲೇಬೇಕು ಎಂದು ಹಟ ಹಿಡಿದಿದ್ದಳು. ವೇದಾವತಿ ಒಂದು ದಿನ ಮಾತ್ರೆ ತಪ್ಪಿಸಿದಳು. ಏನೂ ಆಗಲಿಲ್ಲ. ಮರುದಿನವೂ ತಪ್ಪಿಸಿದಳು. ಬಚ್ಚಲಿಗೆ ಓಡದೆ ಒಂದು ಲೋಟ ಕಾಫಿಯನ್ನು ಕೂತು ಕುಡಿಯುವ ಸುಖವೇ ಅವಳಿಗೆ ಮರೆತುಹೋಗಿತ್ತು. ಯಾರನ್ನು ದಾರಿಯುದ್ದಕ್ಕೂ ಗೇಲಿ ಮಾಡಿದ್ದಳೋ ಅವನ ಒಂದು ಮಾತನ್ನು ಮಾತ್ರ, ತನಗೆ ಬೇಕಾದದ್ದಾದ್ದರಿಂದ, ಸತ್ಯ ಮಾಡಿಕೊಂಡಳು. ಹಬ್ಬದ ಹೊತ್ತಿಗೆ ಮಾತ್ರೆಯ ಸುದ್ದಿಯನ್ನೇ ಮನೆಯಲ್ಲಿ ಎತ್ತುವುದು ನಿಂತಿತ್ತು.

ಡೊಂಬಿವಲಿಯಲ್ಲಿ ಮಧ್ಯಾಹ್ನದ ಊಟಕ್ಕೆ ಅಪರ್ಣಾ ಹೋಳಿಗೆ ಮಾಡಿದ್ದಳು. ಮಾವಿನಕಾಯಿ ಉಪ್ಪಿನಕಾಯಿಯನ್ನೂ ವೇದಾವತಿ ಒಂದು ಹೋಳು ತಿಂದಳು, ನಂತರ ಇನ್ನೊಂದು. ಪೆಂಡಾಲಿನಲ್ಲಿ ಕುರ್ಚಿ ಹಿಡಿದು ಕೂತು, ಅಪೇಕ್ಷಾ ಒಂಬತ್ತು ಗಜದ ಹಸಿರು ನೌವಾರಿ ಸೀರೆಯಲ್ಲಿ ವೇದಿಕೆಗೆ ಬರುವುದನ್ನು ನೋಡಿದಳು. ಹಾಡು ಅರ್ಧವಾಗುವ ಮೊದಲು ಎದೆಯ ಮೇಲೆ ಯಾರೋ ಒದ್ದೆ ಗೋಣಿ ಹೇರಿದಂತಾಯಿತು. ಎದ್ದು ಹೊರಗೆ ಹೋಗಬೇಕೆಂದು ನಿಂತಳು. ನಿಲ್ಲಲಾಗಲಿಲ್ಲ. ಕೆಮ್ಮಿದಾಗ ನೊರೆ ಬಂತು. ತುಟಿ ಕಪ್ಪಾಗಿತ್ತು. ಹಾಡು ನಿಂತದ್ದು, ಮಗು "ಆಜಿ!" ಎಂದು ಕೂಗಿದ್ದು ಅವಳಿಗೆ ದೂರದಿಂದ ಕೇಳಿಸಿತು.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಇಂಜೆಕ್ಷನ್ ಕೊಟ್ಟು ಆಮ್ಲಜನಕ ಹಾಕಿದರು. ಉಸಿರು ಹಿಡಿತಕ್ಕೆ ಬಂದ ಮೇಲೆ ಠಾಣೆಯ ಆಸ್ಪತ್ರೆಗೆ ಸಾಗಿಸಿದರು. ಮೈಯ ನೀರು ಇಳಿಯಲು ಬಹಳ ದಿನ ಹಿಡಿಯಿತು. ನೀರು ಇಳಿದಂತೆ ವೇದಾವತಿಗೆ ನಾಚಿಕೆ ಏರಿತು. ಊರನ್ನೆಲ್ಲ ಪೆದ್ದರೆಂದು ಅಳೆದವಳು ತಾನೇ ಎಲ್ಲರಿಗಿಂತ ದೊಡ್ಡ ಪೆದ್ದುತನ ಮಾಡಿದ್ದಳು. ಡಾಕ್ಟರ್ ಅಭಿಜಿತ್ ಕೇಳಿದಾಗ ಸುಳ್ಳು ಹೇಳಲಿಲ್ಲ.

"ಮಾತ್ರೆ ನಾನೇ ಬಿಟ್ಟದ್ದು. ಬೇರೆ ಯಾರನ್ನೂ ಬೈಯಬೇಡಿ. ಇವರನ್ನು ಬೈಯುವುದಿದ್ದರೆ ಬೇರೆ ಕಾರಣ ಬೇಕಾದಷ್ಟು ಉಂಟು."

ಹಾಸಿಗೆಯ ಸುತ್ತ ಮತ್ತೆ ಸಭೆ ಸೇರಿತು. ಒಂದು ಕಡೆ ರಾಯರು, ಒಂದು ಕಡೆ ಅಪರ್ಣಾ, ಬಾಗಿಲಲ್ಲಿ ಹಣ್ಣಿನ ಚೀಲ ಹಿಡಿದ ಅನಿಲಕುಮಾರ. ಅಪರ್ಣಾ ಡಾಕ್ಟರರನ್ನು, "ನಿಮ್ಮ ಸ್ವಂತ ತಾಯಿಯಾಗಿದ್ದರೆ ಏನು ಮಾಡ್ತಿದ್ರಿ?" ಎಂದು ಕೇಳಿದಳು.

"ಅವರ ತಾಯಿಯನ್ನು ಯಾಕೆ ಎಳೀತಿ?" ಎಂದಳು ವೇದಾವತಿ. "ಆಕೆಗೆ ಬೇರೆ ಕಾಯಿಲೆ ಇರಬಹುದು. ನೀವೆಲ್ಲ ಹೊರಗೆ ಹೋಗಿ. ಚಾ ಕುಡಿದು ಬನ್ನಿ. ಡಾಕ್ಟರರ ಜೊತೆ ಬಸವಣ್ಣೆವ್ವ ಒಬ್ಬಳು ಇರಲಿ."

ಬಸವಣ್ಣೆವ್ವ ಆಗತಾನೆ ಊಟದ ಡಬ್ಬಿ ತಂದಿದ್ದಳು. ಯಾರಿಗೂ ಎದುರಾಡಲು ಅವಕಾಶ ಕೊಡದೆ ಅವಳೇ ಬಾಗಿಲು ಹಾಕಿದಳು. "ಎದಿ ನಿಮ್ದು, ವೇದಕ್ಕಾರ. ನೀವ್ ಕೇಳ್ರಿ. ಮಂದಿ ಮಾತು ಸಾಕಾತು."

ವೇದಾವತಿ ಮರಾಠಿಯಲ್ಲಿ ಕೇಳಿದಳು. ಬರೀ ಬ್ಯಾಟರಿ ಬದಲಿಸಿದರೆ? ಬಡಿತ ನಡೆಯುತ್ತದೆ, ಆದರೆ ಹೃದಯ ಹೀಗೆಯೇ ಇಳಿಯುತ್ತ ಹೋಗಬಹುದು, ಮಾತ್ರೆಯೊಂದೇ ಆಸರೆ ಎಂದ ಡಾಕ್ಟರ್. ಮೂರನೇ ತಂತಿ ಹಾಕಿದರೆ? ಹಳೆಯ ತಂತಿಗಳಿಂದ ರಕ್ತದ ನರ ಕಿರಿದಾಗಿರಬಹುದು, ಹೊಸದು ಒಳಗೆ ಹೋಗದೆಯೂ ಇರಬಹುದು. ಸೋಂಕು ತಗುಲಿದರೆ ಎಲ್ಲವನ್ನೂ ತೆಗೆಯಬೇಕಾದೀತು. ಎಲ್ಲ ಸರಿಯಾಗಿ ಕೂತರೂ ಕೆಲವರಿಗೆ ಏನೂ ಗುಣ ಕಾಣುವುದಿಲ್ಲ.

"ನಾನು ಎಷ್ಟು ವರ್ಷ ಬದುಕ್ತೇನೆ ಅಂತ ಕೇಳುವುದಿಲ್ಲ," ಎಂದಳು. "ಒಂದು ದಿಂಬಿನಲ್ಲಿ ಮಲಗಲಿಕ್ಕೆ ಆಗ್ತದಾ? ನಡುವೆ ಕೂರದೆ ಸ್ನಾನ ಮಾಡಲಿಕ್ಕೆ?"

ಡಾಕ್ಟರ್ ಅವಳನ್ನು ಮರಾಠಿಯಲ್ಲಿ ಚಿಕ್ಕಮ್ಮ ಎಂದು ಕರೆದು ಉತ್ತರಿಸಿದ. "ಬಹಳ ಮಂದಿಗೆ ಆಗುತ್ತದೆ, ಮಾವ್ಶಿ. ನಿಮಗೆ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ."

ಇಷ್ಟು ತಿಂಗಳಲ್ಲಿ ಗೊತ್ತಿಲ್ಲ ಎಂದು ಹೇಳಿದವನು ಅವನೊಬ್ಬನೇ. ಗಂಡನಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಕಲ್ಯಾಣದವನಿಗೆ ಮಣಿಕಟ್ಟು ಹಿಡಿದ ಕೂಡಲೇ ಗೊತ್ತಾಗಿತ್ತು. ವೇದಾವತಿಗೆ ಅವನ ಮೇಲೆ ಭರವಸೆ ಹುಟ್ಟಿತು.

"ಹಾಗಾದ್ರೆ ಮಾಡಿ. ಆದರೆ ತಂತಿ ಹೋಗದಿದ್ದರೆ ಎದೆ ಕೊಯ್ದು ಹಾಕುವ ಸಾಹಸ ಬೇಡ. ಬ್ಯಾಟರಿ ಬದಲಿಸಿ ಹೊಲಿದು ಮನೆಗೆ ಕಳಿಸಿ. ಆಗ ನನ್ನ ಗಂಡ ಏನು ಹೇಳಿದರೂ ಕೇಳಬೇಡಿ."

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ರಾಯರು ಒಬ್ಬರೇ ಉಳಿದರು. ಸ್ಟೂಲಿನಲ್ಲಿ ಕೂತು, ಬಿಸ್ಕೀಟಿನ ಪೊಟ್ಟಣವನ್ನು ಬಿಚ್ಚದೆ ಕೈಯಲ್ಲಿ ತಿರುಗಿಸುತ್ತಿದ್ದರು.

"ವೇದಾ, ಆಗ ಆರಿಸಿದ್ದು ನಾನು. ಅದೇ ನಿನ್ನ ಹಾರ್ಟ್ ಹಾಳು ಮಾಡಿದ್ದು ಅಂತಾದ್ರೆ..." ಕಣ್ಣು ಒರೆಸಿಕೊಂಡರು.

ಗಂಡ ಅಳುವುದನ್ನು ವೇದಾವತಿ ನೋಡಿದ್ದು ಕಡಿಮೆ. ನೋಡಿ ಗಾಬರಿಯಾಯಿತು, ಗಾಬರಿಯಾದಾಗ ಅವಳಿಗೆ ಬರುವುದು ಬೈಗುಳವೇ.

"ನೀವು ಆರಿಸಿದ್ದು ಎಂತ ಇಲ್ಲ. ಅವರು ತೋರಿಸಿದ್ದಕ್ಕೆ ತಲೆ ಆಡಿಸಿದ್ದು. ಅದನ್ನೇ ಇಷ್ಟು ವರ್ಷ ಊರಿಗೆಲ್ಲ ಸಾರಿಕೊಂಡು ಬಂದದ್ದು. ಆ ಪೆಟ್ಟಿಗೆ ಇಲ್ಲದಿದ್ದರೆ ನಾನು ಅವತ್ತೇ ಪ್ಲಾಟ್‌ಫಾರ್ಮಿನಲ್ಲಿ ಮುಗಿದಿದ್ದೆ. ಇಷ್ಟು ವರ್ಷ ನಡೆಸಿತಲ್ಲ, ಸಾಕು. ಆ ಬಿಸ್ಕೀಟು ಒಡೀರಿ, ಪುಡಿಯಾಗ್ತದೆ."

ರಾಯರು ಒಡೆದು ಒಂದನ್ನು ಕೊಟ್ಟರು. ಉಪ್ಪಿನ ಬಿಸ್ಕೀಟು. ವೇದಾವತಿ ಅದನ್ನು ಹಿಂದಕ್ಕೆ ಕೊಟ್ಟು, "ಇಷ್ಟು ತಿಂಗಳಾದ್ರೂ ಗೊತ್ತಾಗಲಿಲ್ಲ ನಿಮಗೆ" ಎಂದಳು. ಆದರೆ ಬಿಸ್ಕೀಟು ಕೊಡುವಾಗ ಹಿಡಿದ ಅವರ ಕೈ ಬಿಡಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಅವಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ, ಭುಜದ ಹತ್ತಿರ ಮರಗಟ್ಟಿಸಿದರು. ಮುಖದ ಮೇಲೆ ಹಸಿರು ಬಟ್ಟೆ. ಅದರಡಿಯಲ್ಲಿ ಅಂಗಾತ ಮಲಗಿ, ಉಸಿರು ಸಾಲದೆ ಹೋದೀತೆಂಬ ಭಯವನ್ನು ನುಂಗುತ್ತ, ಡಾಕ್ಟರರ ಮಾತು ಕೇಳಿದಳು. ಡಾಕ್ಟರರು ಹೆದರಿದ್ದಷ್ಟೇ ನರ ಕಿರಿದಾಗಿತ್ತು. ತಂತಿ ಒಂದು ಸಲ ಹೋಯಿತು, ಜಾರಿತು. ಮತ್ತೆ ಹೋಯಿತು, ಮತ್ತೆ ಜಾರಿತು. ತಂತಿ ಸರಿಯಾದ ಜಾಗಕ್ಕೆ ಹೋಗದೆ ಹೊಟ್ಟೆಯ ಮೇಲಿನ ಸ್ನಾಯು ಬಿಕ್ಕಳಿಸಿದಂತೆ ಜಿಗಿಯಿತು. ಯಾರೋ ಇವತ್ತಿಗೆ ಬಿಟ್ಟುಬಿಡೋಣವೇ ಎಂದು ಕೇಳಿದರು. ಅಭಿಜಿತ್ "ಇನ್ನೊಂದು ಸಲ" ಎಂದ. ಬಟ್ಟೆಯಡಿಯಿಂದ ವೇದಾವತಿ "ಮಾಡಿ, ಮಾಡಿ, ನನಗೆ ಬೇರೆ ಕೆಲಸ ಇಲ್ಲ" ಎಂದಳು. ಅಲ್ಲಿದ್ದವರು ನಕ್ಕರು. ಆ ಸಲ ತಂತಿ ನಿಂತಿತು.

ಪವಾಡವೇನೂ ಆಗಲಿಲ್ಲ. ಭುಜ ಕಪ್ಪುನೀಲಿಯಾಗಿ ಬಹಳ ದಿನ ನೋಯುತ್ತಿತ್ತು. ಎಡಗೈ ಮೇಲೆತ್ತಬಾರದು ಎಂದದ್ದರಿಂದ ತಲೆ ಬಾಚಲು ಬಸವಣ್ಣೆವ್ವ ಬರಬೇಕಾಯಿತು. ಮೊದಲ ವಾರಗಳಲ್ಲಿ ವ್ಯತ್ಯಾಸವೇ ಗೊತ್ತಾಗದೆ, ಡಾಕ್ಟರ್ ಹೇಳಿದ ಆ ಕೆಲವರಲ್ಲಿ ತಾನೂ ಒಬ್ಬಳೇ ಎಂದು ವೇದಾವತಿ ಅಂಜಿದಳು. ಯಾರಿಗೂ ಹೇಳಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಒಂದು ದಿನ ಸ್ನಾನ ಮುಗಿಸಿ ಹೊರಬಂದು ಒದ್ದೆ ಕೂದಲು ಒರೆಸುವಾಗ ನೆನಪಾಯಿತು: ನಡುವೆ ಕೂತಿರಲಿಲ್ಲ. ದಿಂಬುಗಳೂ ಒಂದೊಂದಾಗಿ ಕಪಾಟಿಗೆ ಹೋದವು. ಒಂದು ಹೆಚ್ಚಿನದು ಉಳಿಯಿತು, ಅದು ಹೋಗಲೇ ಇಲ್ಲ. ಮೆಟ್ಟಿಲಿನಲ್ಲಿ ಈಗಲೂ ಒಮ್ಮೆ ನಿಲ್ಲುತ್ತಾಳೆ. ಮಾತ್ರೆಗಳೆಲ್ಲ ಇವೆ, ನೀರಿಗೆ ಅಳತೆ ಇದೆ, ಬೆಳಿಗ್ಗೆ ತೂಕದ ಯಂತ್ರ ಹತ್ತುವುದಿದೆ. ಪ್ರಯಾಣವಿರುವ ದಿನ ನೀರಿಳಿಸುವ ಮಾತ್ರೆಯನ್ನು ಮನೆಗೆ ಬಂದ ಮೇಲೆ ತೆಗೆದುಕೊಳ್ಳಬಹುದೇ ಎಂದು ಡಾಕ್ಟರರನ್ನೇ ಕೇಳಿದಳು. ಧಾರಾಳವಾಗಿ ಎಂದ. ಮೊದಲೇ ಕೇಳಿದ್ದರೆ ಎಂದು ಯೋಚಿಸಿ ತನ್ನನ್ನು ತಾನೇ ಇನ್ನೊಮ್ಮೆ ಬೈದುಕೊಂಡಳು.

ನೋಡಲು ಬಂದ ನೆಂಟರಿಗೆ ಅವಳು ಓಡಾಡುವುದು ಕಂಡು ಸ್ವಲ್ಪ ನಿರಾಶೆಯೇ ಆಯಿತು. ಮಲಗಿರುವವರಿಗೆ ಹೇಳಲು ತಂದ ಮಾತನ್ನು ಚಾ ಕೊಡುವವಳಿಗೆ ಹೇಳುವುದು ಹೇಗೆ?

ಮೊನ್ನೆ ಪೆಟ್ಟಿಗೆಯ ತಪಾಸಣೆಗೆ ಠಾಣೆಗೆ ಹೋಗಿದ್ದರು. ಎಲ್ಲ ಸರಿಯಿದೆ ಎಂದರು. ವಾಪಸು ಬರುವಾಗ ಪ್ಲಾಟ್‌ಫಾರ್ಮಿನಲ್ಲಿ ಪಕ್ಕದ ಬೆಂಚಿನ ಒಬ್ಬ ಗೃಹಸ್ಥರು ಎದೆ ನೀವಿಕೊಂಡದ್ದೇ ತಡ, ರಾಯರು ಅವರ ಕಡೆ ತಿರುಗಿದರು. "ನಮ್ಮದು ಮೂರು ತಂತಿಯದ್ದು. ಈಗ ಅದೇ ಟಾಪ್," ಎಂದು ಹಿಂದಿಯಲ್ಲಿ ಶುರು ಮಾಡಿದರು. ಅಷ್ಟರಲ್ಲಿ ನೆರೂಳದ ಗಾಡಿ ಬಂತು. ವೇದಾವತಿ ಚೀಲ ಎತ್ತಿಕೊಂಡಳು.

"ನೀವು ಅವರ ಜೊತೆ ಹತ್ತಿ, ಪಾಪ, ಅವರಿಗೆ ಪೂರ್ತಿ ಕೇಳಲಿ," ಎಂದು ಹೇಳಿ ಲೇಡೀಸ್ ಡಬ್ಬಿಯ ಕಡೆ ನಡೆದಳು. ಕಿಟಕಿಯ ಬದಿ ಸಿಕ್ಕಿತು.